ಇಳಿತದ ಹೊತ್ತಿಗೆ ಬನ್ನಿ

ಮಾವಿನಕುರ್ವೆಯ ಗಣಪಿಗೆ ಅವಳ ಜನ್ಮದ ಮೊದಲ ಟಪಾಲು ತಂದುಕೊಟ್ಟವನು ನಾನು. ಕೊಟ್ಟ ಮೇಲೆ ಅನುಭವಿಸಿದವನೂ ನಾನೇ.

ನನ್ನ ಹೆಸರು ತ್ರ್ಯಂಬಕ. ಊರು ಕುಮಟೆ, ನೌಕರಿ ಪೋಸ್ಟ್‌ಮನ್ನಿನದು. ಮೊದಲು ಭಟ್ಕಳದಲ್ಲಿದ್ದೆ, ಸುಖವಾಗಿದ್ದೆ. ಅಲ್ಲಿ ಓಣಿಗಳು ಗಟ್ಟಿ ನೆಲದವು. ಮದ್ರಾಸಿನಿಂದಲೋ ಕೊಲಂಬೊದಿಂದಲೋ ಗಂಡನ ಕಾಗದ ಬಂದರೆ ಬಾಗಿಲ ಸಂದಿನಿಂದ ಒಂದು ತಟ್ಟೆ ಹಲ್ವ ಹೊರಗೆ ಬರುತ್ತಿತ್ತು. ಅಲ್ಲಿನವರ ನವಾಯತಿ ಭಾಷೆಯಲ್ಲಿ ನಾಲ್ಕು ಮಾತು ಕಲಿತಿದ್ದೆ. ನಾಲ್ಕೂ ತಿಂಡಿಗೆ ಸಂಬಂಧಪಟ್ಟವು. ಐವತ್ತಾರನೆಯ ಇಸವಿಯಲ್ಲಿ ಹೊನ್ನಾವರಕ್ಕೆ ವರ್ಗವಾಯಿತು, ಶರಾವತಿ ಕಡಲು ಸೇರುವಲ್ಲಿರುವ ಮಾವಿನಕುರ್ವೆ ದ್ವೀಪ ನನ್ನ ಪಾಲಿಗೆ ಬಂತು. ಅಂದಿನಿಂದ ನನ್ನ ಚಪ್ಪಲಿಗಳು ಸುಖ ಕಾಣಲಿಲ್ಲ.

ಯಾಕೆಂದರೆ ದ್ವೀಪಕ್ಕೆ ದೋಣಿ ತಂಗುವ ಧಕ್ಕೆ ಇರಲಿಲ್ಲ. ದೋಣಿಯಿಂದ ಕಾಲಿಡಲು ನಾಲ್ಕು ಕಲ್ಲಿನ ಮೆಟ್ಟಿಲೂ ಇರಲಿಲ್ಲ. ಉಬ್ಬರವಿದ್ದಾಗ ದೋಣಿ ತೆಂಗಿನ ಬುಡದವರೆಗೂ ಹೋಗಿ ನಿಲ್ಲುತ್ತಿತ್ತು. ಇಳಿತದಲ್ಲಿ ಮಾತ್ರ ದಡ ಇನ್ನೂ ದೂರವಿರುವಾಗಲೇ ಕೆಸರಿನಲ್ಲಿ ಹೂತು ಕೂತುಬಿಡುತ್ತಿತ್ತು. ಮುಂದಕ್ಕೆ ಮೊಣಕಾಲುದ್ದದ ಕಪ್ಪು ಕೆಸರು. ಮೀನಿನ ಬುಟ್ಟಿಯವರು, ಬಸುರಿಯರು, ಮುದುಕರು, ನಾನು, ನನ್ನ ಟಪಾಲು ಚೀಲ, ಎಲ್ಲ ಅದರಲ್ಲೇ ಹಾಯಬೇಕು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಟರೆ ಜೋಲಿ ತಪ್ಪಿದಾಗ ಅದೇ ಮೊದಲು ಬೀಳುತ್ತದೆ. ನನ್ನ ಎಷ್ಟು ಚಪ್ಪಲಿಗಳನ್ನು ಆ ನದಿ ತಿಂದಿದೆಯೋ ಅದಕ್ಕೇ ಗೊತ್ತು.

ದೋಣಿ ನಡೆಸುತ್ತಿದ್ದವನು ಜಟ್ಟ. ಗಣಪಿ ಅವನ ಹೆಂಡತಿ. ಜಟ್ಟ ಬಾಯಿ ಬಿಡುವುದು ಎಲೆಯಡಿಕೆಯ ಕವಳಕ್ಕೆ ಮಾತ್ರ. ಅವನ ಪಾಲಿನ ಮಾತನ್ನೂ ಗಣಪಿಯೇ ಆಡುತ್ತಿದ್ದಳು. ದಿನವಿಡೀ ಅಂಗಳದಲ್ಲಿ ತೆಂಗಿನ ನಾರು ಹೊಸೆದು ಹಗ್ಗ ಮಾಡುವುದು ಅವಳ ದುಡಿಮೆ. ಆದರೆ ಅವಳ ಹೆಸರು ನಡೆಯುತ್ತಿದ್ದುದು ಬೇರೆ ಕೆಲಸಕ್ಕೆ. ದ್ವೀಪದಲ್ಲಿ ಯಾರ ಮನೆಯಲ್ಲೇ ಮದುವೆ ಇರಲಿ, ಮನೆಮನೆಗೆ ಹೋಗಿ ಕರೆಯ ಹೇಳುವವಳು ಗಣಪಿ. ಕುಂಕುಮದ ಭರಣಿ ಹಿಡಿದು ಅವಳು ಅಂಗಳ ದಾಟಿದಳೆಂದರೆ ಆ ಮನೆಗೆ ಆಮಂತ್ರಣ ಬಂತೆಂದೇ ಲೆಕ್ಕ.

ಕರೆಯುವುದರಲ್ಲಿ ಅವಳಿಗೆ ಒಂದು ಸಂವಿಧಾನವೇ ಇತ್ತು. ಅಂಗಳದಲ್ಲಿ ನಿಂತು ಕೂಗಿ ಕರೆಯಬಾರದು, ಹೊಸ್ತಿಲ ಮುಂದೆ ನಿಂತು ಹೇಳಬೇಕು. ಮನೆಯ ಹಿರಿ ಹೆಂಗಸಿನ ಹೆಸರು ಮೊದಲು ಬರಬೇಕು. ಜಗಳವಾಡಿ ಮಾತು ಬಿಟ್ಟ ಮನೆ ಯಾವುದಿದೆಯೋ ಅದನ್ನು ಎಲ್ಲರಿಗಿಂತ ಮುಂಚೆ ಕರೆಯಬೇಕು. ದೂರದ ಊರಿನವರಿಗೆ ಕಾಗದ ಸಾಕು, ಹತ್ತಿರದವರಿಗೆ ಕಾಗದ ಕಳಿಸಿದರೆ ಅದು ಅವಮಾನ. ಒಂದೇ ದಿನ ಎರಡು ಮದುವೆ ಬಂದರೆ ಗಂಡ ಒಂದಕ್ಕೆ, ಹೆಂಡತಿ ಒಂದಕ್ಕೆ, ಯಾರಿಗೂ ಬೇಜಾರಿಲ್ಲ. ಇದನ್ನೆಲ್ಲ ಅವಳು ಎಷ್ಟು ಗಂಭೀರವಾಗಿ ಹೇಳುತ್ತಿದ್ದಳೆಂದರೆ, ಕುಮಟೆಯಲ್ಲಿ ನನ್ನ ತಂಗಿಯ ಮದುವೆಗೆ ನಾನು ಕರೆದ ರೀತಿ ಎಷ್ಟು ತಪ್ಪಾಗಿತ್ತೆಂದು ನನಗೆ ಆಗಾಗ ಭಯವಾಗುತ್ತಿತ್ತು.

ಐವತ್ತೇಳರ ಚುನಾವಣೆ ಬಂತು. ನಿಂತವರು ಇಬ್ಬರು, ಇಬ್ಬರೂ ದೂರದ ಊರಿನವರು. ಒಬ್ಬರ ಗುರುತು ಸೈಕಲ್ಲು, ಇನ್ನೊಬ್ಬರದು ಗಡಿಯಾರ. ಮಾವಿನಕುರ್ವೆಯ ಕೆಸರಿಗೆ ಕಾಲಿಡುವುದಕ್ಕಿಂತ ಟಪಾಲು ಸಸ್ತಾ ಎಂದು ಇಬ್ಬರಿಗೂ ಹೊಳೆದಿರಬೇಕು. ಮತದಾರರ ಯಾದಿ ನೋಡಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಅಚ್ಚಾದ ಕಾಗದ ಕಳಿಸಿದರು. ಅದುವರೆಗೆ ವಾರಕ್ಕೆ ಅಂಗೈಯಲ್ಲಿ ಹಿಡಿಯುವಷ್ಟು ಟಪಾಲಿದ್ದ ದ್ವೀಪಕ್ಕೆ ನಾನು ಎರಡು ಚೀಲ ಹೊರಬೇಕಾಯಿತು. ಪ್ರಜಾಪ್ರಭುತ್ವದ ಭಾರ ನನಗೆ ಗೊತ್ತಾದದ್ದು ಹೆಗಲಿನಲ್ಲಿ.

ಎರಡೂ ಕಾಗದಗಳು ಕುಮಟೆಯ ಒಂದೇ ಪ್ರೆಸ್ಸಿನಲ್ಲಿ ಅಚ್ಚಾಗಿದ್ದವು. ಆ ಪ್ರೆಸ್ಸಿನವರ ಹತ್ತಿರ ಚೆಂದದ ಅಂಚು ಅಂತ ಇದ್ದದ್ದು ಒಂದೇ, ಲಗ್ನಪತ್ರಿಕೆಯದು: ಮೇಲೆ ಗಣಪತಿ, ಆಚೀಚೆ ಬಾಳೆಗಿಡ, ನಡುವೆ ಮಾವಿನ ತೋರಣ. ಅದನ್ನೇ ಹಾಕಿದ್ದರು. ಕೊನೆಯ ಸಾಲೂ ಹಳೆಯದೇ, ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಬಂದು’ ಅಂತ. ‘ವಧೂವರರನ್ನು ಹರಸಬೇಕು’ ಅನ್ನುವಲ್ಲಿ ‘ಮತ ನೀಡಿ ಹರಸಬೇಕು’ ಎಂದಷ್ಟೇ ಬದಲು.

ಗಣಪಿಯ ಅಂಗಳದಲ್ಲಿ ನಿಂತು ಅವಳ ಹೆಸರು ಕೂಗಿದೆ. ಅವಳು ನಾರು ಕೆಳಗಿಟ್ಟು ನನ್ನನ್ನೇ ನೋಡಿದಳು.

“ಜಟ್ಟಂದಾ?”

“ಅಲ್ಲ, ನಿಂದೇ. ಹೆಸರು ಬರ್ದಿದ್ದಾರೆ, ನೋಡು.”

ಓದಲು ಬಾರದಿದ್ದರೂ ಅವಳು ನೋಡಿದಳು. ಕೈಯನ್ನು ಸೀರೆಗೆ ಎರಡೆರಡು ಸಲ ಒರೆಸಿ, ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡಳು. ಅವಳ ಮುಖ ಆ ಹೊತ್ತಿನಲ್ಲಿ ಎಷ್ಟು ಚೆನ್ನಾಗಿತ್ತೆಂದರೆ ಕೆಸರನ್ನು ನಾನು ಒಂದು ಗಳಿಗೆ ಮರೆತೆ. ಆಮೇಲೆ ಓದಿ ಹೇಳು ಅಂದಳು. ಬರೆದವರು ಯಾರು, ಯಾವ ದಿನ, ಎಲ್ಲಿ ಅಂತ ಓದುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದಳು.

“ಆತು, ಸಾಕು.”

“ನಡುವೆ ಇನ್ನೂ ಬೇಕಾದಷ್ಟಿದೆ.”

“ಲಗ್ನಪತ್ರಿಕೆಯ ನಡುವಿಂದು ಯಾರು ಓದ್ತ್ರು ತ್ರಿಂಬಕಣ್ಣ. ಯಾರ ಮನೇದು, ಯಾವ ದಿನ, ಗೊತ್ತಾದ್ರೆ ಆತು.”

ನನಗೂ ಗಂಟಲು ಉಳಿಯಿತು. ಚೀಲದಿಂದ ಎರಡನೆಯ ಕಾಗದ ತೆಗೆದೆ. ಅದೇ ಗಣಪತಿ, ಅದೇ ಬಾಳೆಗಿಡ, ಅದೇ ದಿನ. ಅಷ್ಟರಲ್ಲಿ ನೆರೆಯವರೂ ತಮ್ಮ ತಮ್ಮ ಕಾಗದ ಹಿಡಿದು ಅಂಗಳದಲ್ಲಿ ಸೇರಿದ್ದರು. ಎಂತ ಮಾಡೂದು ಎಂದು ಎಲ್ಲರೂ ಗಣಪಿಯ ಮುಖ ನೋಡಿದರು. ಅವಳು ಯೋಚನೆ ಮಾಡಿ ತೀರ್ಪು ಕೊಟ್ಟಳು. ದೂರದವರು, ಆದ್ದರಿಂದ ಕಾಗದ ಸಾಕು, ಕರೆಯ ಕರೆಯವೇ. ಒಂದೇ ದಿನ ಎರಡು, ಆದ್ದರಿಂದ ಗಂಡಸರು ಸೈಕಲ್ಲಿಗೆ, ಹೆಂಗಸರು ಗಡಿಯಾರಕ್ಕೆ.

ನಾನು ಸರ್ಕಾರಿ ನೌಕರ. ಚುನಾವಣೆಯ ವಿಷಯದಲ್ಲಿ ನನಗೆ ಬಾಯಿಯಿಲ್ಲ ಎಂದು ಮೇಲಿನವರು ಬರೆದು ಕೊಟ್ಟಿದ್ದರು. ಬಾಯಿ ಮುಚ್ಚಿಕೊಂಡು ದೋಣಿ ಹತ್ತಿದೆ.

ಮತದಾನದ ದಿನ ದ್ವೀಪದ ಶಾಲೆಯೆದುರು ಪೆಟ್ಟಿಗೆಯ ಸೀರೆಗಳೆಲ್ಲ ಹೊರಬಂದಿದ್ದವು. ಹೆಂಗಸರ ತಲೆತುಂಬ ಅಬ್ಬಲಿಗೆ ಹೂ. ಮುದುಕ ಹೊನ್ನ ಒಂದು ತೆಂಗಿನಕಾಯಿಯನ್ನೂ ವೀಳ್ಯವನ್ನೂ ತಂದು ಅಧಿಕಾರಿಯ ಮೇಜಿನ ಮೇಲೆ ಇಟ್ಟ. ಧಾರವಾಡ ಕಡೆಯ ಆ ಮನುಷ್ಯ ಇದೇನೆಂದು ಕೇಳಿದರೆ, “ಕರೆಯ ಬಂದಿತ್ತು. ಬರಿಗೈಯಲ್ಲಿ ಬರೂಕಾತದ?” ಅಂದ. ತೆಗೆದುಕೊಂಡರೆ ಲಂಚ, ತಿರುಗಿಸಿದರೆ ಜಗಳ. ತೆಂಗಿನಕಾಯಿ ಸಂಜೆಯವರೆಗೂ ಮೇಜಿನ ಮೇಲೆ ಕೂತು ಮತದಾನವನ್ನು ನೋಡಿಕೊಂಡಿತು.

ಆಗ ಗುರುತಿಗೊಂದು ಮತಪೆಟ್ಟಿಗೆ; ಎಣಿಕೆಯಲ್ಲಿ ಮಾವಿನಕುರ್ವೆಯ ಎರಡು ಪೆಟ್ಟಿಗೆಗಳೂ ಹೆಚ್ಚು ಕಡಿಮೆ ಸರಿಸಮವಾಗಿದ್ದವಂತೆ. ಸೈಕಲ್ಲಿನವರು ಗೆದ್ದರು, ಗಡಿಯಾರದವರು ಸೋತರು. ಗೆದ್ದವರು ಉಪಕಾರ ಹೇಳಲು ಬರಲಿಲ್ಲ, ಸೋತವರು ಯಾಕೆಂದು ಕೇಳಲು ಬರಲಿಲ್ಲ. ದ್ವೀಪದವರಿಗೆ ಮಾತ್ರ ಎರಡೂ ಮದುವೆಗೆ ಹೋಗಿ ಬಂದ ಸಮಾಧಾನ. ಕೆಸರು ಇದ್ದಲ್ಲೇ ಇತ್ತು.

ಗಣಪಿಯ ಮಗಳು ಸೀತೆ. ತಾಯಿಯಷ್ಟೇ ಮಾತು, ತಂದೆಯಷ್ಟೇ ಸಹನೆ. ಎರಡೂ ಒಬ್ಬಳಲ್ಲಿ ಹೇಗೆ ಹಿಡಿಸಿತ್ತೋ ತಿಳಿಯದು. ಅರವತ್ತರ ಸುಮಾರಿಗೆ ಅವಳಿಗೆ ಅಪ್ಸರಕೊಂಡದ ಕಡೆಯ ಪಾಂಡು ಎಂಬ ಹುಡುಗ ಗೊತ್ತಾದ. ಲಾರಿ ರಿಪೇರಿ ಕಲಿತವನು, ನಗುಮುಖದವನು. ಹುಡುಗಿ ನೋಡಲು ಅವನ ತಾಯಿ ನರ್ಮದಾ ಹೊಸ ಸೀರೆಯುಟ್ಟು ಬಂದಳು. ಬಂದದ್ದು ಇಳಿತದಲ್ಲಿ. ಕೆಸರಿನ ನಡುವೆ ಒಂದು ಕಾಲು ಸಿಕ್ಕಿಕೊಂಡು, ಇನ್ನೊಂದು ಕಾಲು ಕೀಳಲು ಹೋಗಿ ಕೂತೇಬಿಟ್ಟಳು. ಕಾಲುಂಗುರ ಒಂದು ಕೆಸರಿನಲ್ಲೇ ಉಳಿಯಿತು.

ಕೈಕಾಲು ತೊಳೆದು, ಅವಲಕ್ಕಿ ತಿಂದು, ಹುಡುಗಿಯನ್ನು ಒಪ್ಪಿ, ನರ್ಮದಾ ಹೇಳಿದಳು: “ಹುಡುಗಿ ಆತು, ಮನೆ ಆತು. ಆದ್ರೆ ದಿಬ್ಬಣ ಈ ಕೆಸರಲ್ಲಿ ಬರೂದಿಲ್ಲ. ಬರೂಕೆ ಉಬ್ಬರ ಸಿಕ್ಕಿದ್ರೂ ಹೋಗೂಕೆ ಇಳಿತವೇ ಸಿಕ್ತದೆ. ಮದುವೆ ಆಚೆ ದಡದಲ್ಲಿ ಮಾಡಿ. ಇಲ್ಲೇ ಮಾಡೂದು ಅಂದ್ರೆ ಧಕ್ಕೆ ಕಟ್ಟಿ. ಮುಂದಿನ ವರ್ಷದ ಲಗ್ನದವರೆಗೆ ಕಾಯ್ತೆ.”

ಮರುವಾರ ನಾನು ಹೋದಾಗ ಗಣಪಿ ಹಗ್ಗ ಹೊಸೆಯುತ್ತಿರಲಿಲ್ಲ. ಸುಮ್ಮನೆ ಅಂಗಳ ನೋಡುತ್ತ ಕೂತಿದ್ದಳು. ಚಪ್ಪರ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೆ, ಒಲೆ ಎಲ್ಲಿ ಹೂಡಬೇಕು ಎಂದು ಸೀತೆ ತೊಟ್ಟಿಲಲ್ಲಿದ್ದಾಗಿನಿಂದ ಅವಳು ಮನಸ್ಸಿನಲ್ಲಿ ಗುರುತು ಹಾಕಿಟ್ಟಿದ್ದಳು.

“ಊರವರ ಅಂಗಳಕ್ಕೆಲ್ಲ ಜನ ಕರ್ದವ್ಳು ನಾನು,” ಅಂದಳು. “ನನ್ನ ಅಂಗಳಕ್ಕೆ ನಾನು ಕರೀದೇ ಯಾರದ್ದೋ ಅಂಗಳಕ್ಕೆ ಕರೀಬೇಕಾ ತ್ರಿಂಬಕಣ್ಣ?”

ಅವಳು ಹಾಗೆ ತಗ್ಗಿದ ದನಿಯಲ್ಲಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು, ನನಗೆ ಬಹಳ ಕೆಟ್ಟದೆನಿಸಿತು.

ಮಳೆ ಬಿಟ್ಟ ಮೇಲೆ ತಾಲೂಕು ಬೋರ್ಡಿನ ಚುನಾವಣೆ ಬಂತು, ನನ್ನ ಹೆಗಲಿಗೆ ಮತ್ತೆ ಎರಡು ಚೀಲ. ಈ ಸಲ ನಿಂತವರು ಹೊನ್ನಾವರದವರೇ. ಒಬ್ಬರು ತಕ್ಕಡಿ ಗುರುತಿನ ವೆಂಕಟ ಸಾಹುಕಾರರು, ತೆಂಗಿನಕಾಯಿ ವ್ಯಾಪಾರ, ನಗುನಗುತ್ತ ಎಲ್ಲರ ಬೆನ್ನು ತಟ್ಟುವವರು. ಇನ್ನೊಬ್ಬರು ಕೊಡೆ ಗುರುತಿನ ಬೀರಪ್ಪ ಮಾಸ್ತರರು, ಶಾಲೆಯಿಂದ ನಿವೃತ್ತರು, ಒಂದು ಮಾತಿಗೆ ಹತ್ತು ಮಾತು ಸೇರಿಸಿ ಕೇಳುವವರಿಗೆ ನಿದ್ದೆ ಬರಿಸುವವರು. ಪ್ರೆಸ್ಸು ಅದೇ. ಗಣಪತಿ, ಬಾಳೆಗಿಡ, ತೋರಣ.

ಗಣಪಿ ಎರಡನ್ನೂ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಐವತ್ತೇಳರ ಎರಡು ಕಾಗದಗಳನ್ನು ತಂದಳು. ಹೆಸರಿಗೆ ಬಂದ ಮೊದಲ ಟಪಾಲು ಎಂದು ಜೋಪಾನ ಮಾಡಿದ್ದಳು.

“ಇವ್ರ ಮನೆ ಕರೆಯಕ್ಕೆ ಹೋಗಿ ಬಂದು ಮೂರು ವರ್ಷ ಆತು,” ಅಂದಳು. “ಮದುವೆಗೆ ಹೋಗಿ ಬಂದವ್ರನ್ನ ಯಾರೂ ಇಷ್ಟು ಮರೆಯೂದಿಲ್ಲ. ಇದ್ರ ನಡುವೆ ಎಂತ ಬರ್ದದೆ, ಓದು ಕಾಂಬ.”

ಓದಿದೆ. ಸೈಕಲ್ಲಿನವರದು ದೇಶದ ಮುನ್ನಡೆ, ರಾಜ್ಯದ ಹಿರಿಮೆ, ಅಷ್ಟೆ. ಗಡಿಯಾರದವರ ಕಾಗದದ ನಡುವೆ, ಬಾಳೆಗಿಡಕ್ಕೆ ತಾಗಿ, ಒಂದು ಸಾಲು ಇತ್ತು: ಮಾವಿನಕುರ್ವೆ ಮೊದಲಾದ ಕುರ್ವೆಗಳಿಗೆ ಕಲ್ಲಿನ ಧಕ್ಕೆ ಕಟ್ಟಿಸಲು ಪ್ರಯತ್ನಿಸುತ್ತೇವೆ.

“ಇನ್ನೊಂದ್ಸಲ ಓದು.”

ಮತ್ತೆ ಓದಿದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. ಗೆದ್ದಿದ್ದರೂ ಅವರು ಕಟ್ಟಿಸುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು ಎಂದು ನಾನು ಸಮಾಧಾನಕ್ಕೆ ಹೇಳಿದೆ.

“ಅದು ಬೇರೆ ಮಾತು. ಕೇಳೂಕಾದ್ರೂ ಆಗ್ತಿತ್ತಲ್ಲ, ಧಕ್ಕೆ ಎಲ್ಲಿ ಅಂತ. ಬರ್ದದ್ದನ್ನೇ ಕೇಳದವ್ಳು ಎಂತ ಕೇಳೂದು?” ಅಂದಳು. “ಮದುವೆಗೆ ಹೋಗೂದೇ ಬೇರೆ, ಇದೇ ಬೇರೆ. ಮದುವೆಯಲ್ಲಿ ಉಂಡು ಬರೂದು. ಇಲ್ಲಿ ಮನೆಯ ಬೀಗದ ಕೈ ಕೊಟ್ಟು ಬರೂದು. ಗಂಡ ಒಬ್ರಿಗೆ, ಹೆಂಡ್ತಿ ಒಬ್ರಿಗೆ ಕೊಟ್ರೆ ಬಾಗ್ಲು ತೆಗೆಯೂದು ಯಾರು? ಊರವ್ರಿಗೆ ನಾನೇ ತಪ್ಪು ಹೇಳಿದ್ದೆ.”

ನಂತರ ಹೊಸ ಕಾಗದಗಳನ್ನು ಮೊದಲಿಂದ ಕೊನೆಯವರೆಗೆ ಓದಿಸಿದಳು. ಸರ್ಕಾರಿ ನೌಕರನಾದ್ದರಿಂದ ನಾನು ಎರಡನ್ನೂ ಒಂದೇ ದನಿಯಲ್ಲಿ, ಏರಿಳಿತವಿಲ್ಲದೆ ಓದಿದೆ. ಸತ್ತವರ ಮನೆಯಲ್ಲೂ ಇಷ್ಟು ಸಪ್ಪೆಯಾಗಿ ಓದುವುದಿಲ್ಲ ಎಂದು ಅವಳು ಬೈದಳು. ಸಾಹುಕಾರರು ‘ದ್ವೀಪದ ಸರ್ವತೋಮುಖ ಏಳಿಗೆ’ ಎಂದು ಬರೆದಿದ್ದರು. ಮಾಸ್ತರರ ಕಾಗದ ಎರಡು ಪಟ್ಟು ಉದ್ದ. ಅದರಲ್ಲಿ ಬಾವಿ, ಶಾಲೆ, ಗೇರಸೊಪ್ಪೆಯ ರಸ್ತೆ ಎಲ್ಲದರ ಜೊತೆ ಧಕ್ಕೆಯೂ ಇತ್ತು.

“ಇಬ್ರೂ ಹೊನ್ನಾವರದವ್ರು,” ಅಂದಳು ಗಣಪಿ. “ದೋಣಿ ಹತ್ತಿದ್ರೆ ಬಂದಾತು. ಹತ್ತಿರದವ್ರಿಗೆ ಕಾಗದದ ಕರೆಯ ಎಂತಕ್ಕೆ? ಎರಡು ಕಾರ್ಡು ತೆಗಿ.”

ಓದುಬರಹ ಬಾರದವರಿಗೆ ಕಾರ್ಡು ಬರೆದುಕೊಡುವುದು ನಮ್ಮಲ್ಲಿ ನಡೆದುಬಂದದ್ದು. ಎರಡಕ್ಕೂ ಒಂದೇ ಒಕ್ಕಣೆ ಇರಬೇಕೆಂದು ನಾನು ಹಟ ಹಿಡಿದೆ. ಅವಳು ಹೇಳಿದ್ದನ್ನು ಬರೆದೆ: ‘ನಿಮ್ಮ ಕಾಗದ ಬಂತು. ಸಂತೋಷ. ದೂರದವರಿಗೆ ಕಾಗದ ಸಾಕು, ಹತ್ತಿರದವರನ್ನು ಮನೆಗೆ ಬಂದು ಕರೆಯಬೇಕು. ನಡುವೆ ಬರೆದದ್ದರ ಬಗ್ಗೆ ನಮಗೆ ಕೇಳುವುದಿದೆ. ಇಳಿತದ ಹೊತ್ತಿಗೆ ಬನ್ನಿ.’

ಕೊನೆಯ ಸಾಲು ಬರೆಯುವಾಗ ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. “ಬರಿ,” ಅಂದಳು.

ಮೊದಲು ಬಂದವರು ವೆಂಕಟ ಸಾಹುಕಾರರು. ಬಿಳಿ ಧೋತರ, ಕಾಲಿಗೆ ಮಿರಿಮಿರಿ ಪಂಪ್‌ಶೂ. ಅಂದು ನನ್ನ ಟಪಾಲಿನ ದಿನ, ಅದೇ ದೋಣಿಯಲ್ಲಿ ನಾನೂ ಇದ್ದೆ. ದೋಣಿ ಕೆಸರಿನಲ್ಲಿ ನಿಂತಿತು. ದಡದಲ್ಲಿ ಜನ ಸೇರಿದ್ದರು. ಸಾಹುಕಾರರು ಕೆಸರನ್ನು ನೋಡಿದರು, ಶೂ ನೋಡಿಕೊಂಡರು, ತಮ್ಮ ಆಳು ಸುಬ್ಬನನ್ನು ಇಳಿಯಲು ಹೇಳಿದರು. ಸುಬ್ಬ ಮೊಣಕಾಲು ದಾಟಿ ಹೂತ. “ನಾನು ಉಬ್ಬರಕ್ಕೆ ಬರ್ತೆ,” ಎಂದು ಸಾಹುಕಾರರು ದೋಣಿಯಿಂದಲೇ ಕೈ ಮುಗಿದರು. ಸುಬ್ಬನನ್ನು ಕೀಳಲು ಜಟ್ಟನೂ ನಾನೂ ಸೇರಬೇಕಾಯಿತು.

ಅವರು ಮಾತು ತಪ್ಪಲಿಲ್ಲ. ಮಾರನೆಯ ದಿನ ಉಬ್ಬರದಲ್ಲಿ ಬಂದು ಗಣಪಿಯ ಜಗಲಿಯಲ್ಲಿ ಕೂತು ಎಳನೀರು ಕುಡಿದರು. ಧಕ್ಕೆಯ ಮಾತು ಎತ್ತಿದರೆ ದೊಡ್ಡದಾಗಿ ನಕ್ಕರು.

“ಧಕ್ಕೆ ಎಂತಕ್ಕೆ ಗಣಪಿ? ಸೇತುವೆಯನ್ನೇ ಕಟ್ಟಿಸ್ತೆ.”

“ಕಲ್ಲು ಎಲ್ಲಿಂದ ಬತ್ತದೆ?”

“ಎಲ್ಲ ಬತ್ತದೆ.”

“ಯಾವಾಗ?”

“ನಾನು ಗೆದ್ದ ಮೇಲೆ.”

ಜಗಲಿಯಲ್ಲಿದ್ದ ಹೊನ್ನ ಮುದುಕನಿಗೆ ಸೇತುವೆ ಬಹಳ ಹಿಡಿಸಿತು. ಇನ್ನೂ ವಿಚಿತ್ರವೆಂದರೆ ಜಟ್ಟನಿಗೂ ಹಿಡಿಸಿತು. ಸೇತುವೆಯಾದರೆ ಅವನ ದೋಣಿಗೆ ಕೆಲಸವಿಲ್ಲ. ಆದರೆ ಕೋಲು ಹಾಕಿ ಹಾಕಿ ಅವನ ಭುಜ ನೋಯುತ್ತಿತ್ತು.

ಬೀರಪ್ಪ ಮಾಸ್ತರರು ಮರುದಿನ ಇಳಿತದಲ್ಲೇ ಬಂದರು. ಜಟ್ಟ ಆಮೇಲೆ ಕವಳ ಉಗಿದು ನನಗೆ ಬಾಯ್ತುಂಬ ವರ್ಣಿಸಿದ, ಅಷ್ಟು ಸಂತೋಷವಾಗಿತ್ತು ಅವನಿಗೆ. ಮಾಸ್ತರರು ಧೋತರ ಎತ್ತಿ ಕಟ್ಟಿದರು, ಚಪ್ಪಲಿಯನ್ನು ಕೊಡೆಗೆ ಸಿಕ್ಕಿಸಿದರು, ಧೈರ್ಯವಾಗಿ ಇಳಿದರು, ಧೈರ್ಯವಾಗಿಯೇ ಬಿದ್ದರು. ದಡ ಸೇರುವಾಗ ಅವರ ಕನ್ನಡಕ ಮಾತ್ರ ಬಿಳಿಯಾಗಿತ್ತು. ಜನರ ಮನಸ್ಸು ಕರಗಿತು. ಮೈಗೆ ಕೆಸರಾದ ಮನುಷ್ಯನೇ ನಮ್ಮವನು, ಕೊಡೆಗೇ ಹಾಕುವಾ ಎಂದು ಕೆಲವರು ಅಲ್ಲೇ ಹೇಳಿದರು. ಗಣಪಿ ನೀರು ಕೊಟ್ಟು ಕಾಲು ತೊಳೆಸಿದಳು, ಆದರೆ ಕರಗಲಿಲ್ಲ.

“ಕೆಸರು ಮೆತ್ತಿದ್ರೆ ಸಾಕು ಅಂದ್ರೆ ಚುನಾವಣೆಗೆ ನಾವೇ ನಿಂತ್ಕಳ್ಬಹುದಿತ್ತು,” ಅಂದಳು. “ಮಾಸ್ತ್ರೇ, ಕಲ್ಲು ಎಲ್ಲಿಂದ ಬತ್ತದೆ?”

ಮಾಸ್ತರರು ಕನ್ನಡಕ ಒರೆಸಿಕೊಂಡು ಹೇಳಿದರು. ಬೋರ್ಡಿನಲ್ಲಿ ತಾವು ಒಬ್ಬರೇ ಅಲ್ಲ, ತಾವು ಹೇಳಿದ್ದೇ ಆಗುವುದಿಲ್ಲ. ಚಿರೆಕಲ್ಲು ಮಂಜೂರು ಮಾಡಿಸಬಹುದು. ಕಟ್ಟುವ ಕೆಲಸಕ್ಕೆ ಊರವರೇ ಮೈ ಬಗ್ಗಿಸಬೇಕು. ಮುಂದಿನ ಮಳೆಗಾಲದೊಳಗೆ ಎಂದು ಮಾತು ಕೊಡಲಾರರು, ಪ್ರಯತ್ನ ಮಾಡಬಲ್ಲರು. ಸೇತುವೆಯನ್ನು ತಾಲೂಕು ಬೋರ್ಡು ಕಟ್ಟಲಾರದು, ಅದು ಮೇಲಿನ ಸರ್ಕಾರದ ಕೆಲಸ. ಇಷ್ಟನ್ನು ಹೇಳಲು ಅವರಿಗೆ ಮಧ್ಯಾಹ್ನ ಪೂರ್ತಿ ಬೇಕಾಯಿತಂತೆ. ಹೊನ್ನ ಮುದುಕ ನಿದ್ದೆ ಮಾಡಿದ.

ಮರುದಿನದಿಂದ ಗಣಪಿ ಕರೆಯಕ್ಕೆ ಹೊರಟ ಹಾಗೆ ಮನೆಮನೆಗೆ ಹೊರಟಳು. ಕೈಯಲ್ಲಿ ಕುಂಕುಮದ ಭರಣಿ ಇರಲಿಲ್ಲ. ಹೊಸ್ತಿಲ ಮುಂದೆ ನಿಂತು ಹಿರಿ ಹೆಂಗಸಿನ ಹೆಸರು ಹಿಡಿದು ಮೊದಲು ಹೇಳಿದ್ದು, ಹಿಂದಿನ ಸಲ ತಾನು ಹೇಳಿದ್ದು ತಪ್ಪಾಗಿತ್ತು ಎಂದು. ಊರಿಗೆಲ್ಲ ಕಟ್ಟಳೆ ಹೇಳುವವಳಿಗೆ ಈ ಮಾತು ಸುಲಭವಲ್ಲ. ತನ್ನೊಡನೆ ಮಾತು ಬಿಟ್ಟಿದ್ದ ಹಮ್ಮನ ಮನೆಗೆ ಎಲ್ಲರಿಗಿಂತ ಮೊದಲು ಹೋದಳು. ಹಮ್ಮ ಅದನ್ನು ಕೇಳಿ ಮನಸಾರೆ ಖುಷಿಪಟ್ಟು ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಳು. ಆಮೇಲೆ ಸಾಹುಕಾರರು ಹೇಳಿದ್ದನ್ನು ಅವರ ಮಾತಿನಲ್ಲೇ, ಮಾಸ್ತರರು ಹೇಳಿದ್ದನ್ನು ಅವರ ಮಾತಿನಲ್ಲೇ, ಸ್ವಲ್ಪ ಚಿಕ್ಕದು ಮಾಡಿ, ಹೇಳುತ್ತಿದ್ದಳು.

“ಹಾಗಾದ್ರೆ ಯಾರಿಗೆ ಹಾಕೂದು?” ಎಂದು ಎಲ್ಲರೂ ಕೇಳಿದರು.

“ಅದನ್ನ ಹೇಳೂಕೆ ಬಂದದ್ದಲ್ಲ. ಇಬ್ರ ಮಾತೂ ಕೇಳಿದ್ರಿ. ಕಾಗದ ಮನೇಲದೆ, ಓದೂಕೆ ಬರೂವವ್ರ ಹತ್ರ ನಡುವಿಂದು ಓದಿಸ್ಕಳಿ. ಗಂಡ ಒಂದಕ್ಕೆ ಹೆಂಡ್ತಿ ಒಂದಕ್ಕೆ ಅನ್ನೂದು ಬೇಡ. ಮನಸ್ಸಿಗೆ ಕಂಡಲ್ಲಿ ಹೋಗಿ.”

ಅದರ ನಂತರದ ಎರಡು ವಾರ ಮಾವಿನಕುರ್ವೆಯಲ್ಲಿ ನನಗೆ ಬಿಡುವಿರಲಿಲ್ಲ. ಅಂಗಳ ಅಂಗಳದಲ್ಲಿ ನಿಲ್ಲಿಸಿ ಕಾಗದದ ನಡುಭಾಗ ಓದಿಸಿದರು. ‘ಸರ್ವತೋಮುಖ’ ಅಂದರೆ ಎಂತ ಎಂದು ಕೇಳಿದರು. ಎಲ್ಲ ಕಡೆಗೂ ಮುಖ ಅಂದೆ. ಹಾಗಾದರೆ ನಮ್ಮ ಕಡೆಗೂ ಒಂದು ಮುಖ ಇರಬೇಕಲ್ಲ ಎಂದು ಹಮ್ಮ ಕೇಳಿದಳು. ಗಂಡ ಹೆಂಡತಿ ಒಲೆಯ ಮುಂದೆ ಧಕ್ಕೆ ಸೇತುವೆ ಎಂದು ಜಗಳಾಡಿದರು. ಜಟ್ಟ ಹತ್ತು ವರ್ಷದಲ್ಲಿ ಆಡದಷ್ಟು ಮಾತನ್ನು ಸೇತುವೆಯ ಪರವಾಗಿ ಆಡಿದ. ಆ ದ್ವೀಪ ಅಷ್ಟು ಗೆಲುವಾಗಿದ್ದನ್ನು ನಾನು ಹಬ್ಬದಲ್ಲೂ ಕಂಡಿರಲಿಲ್ಲ.

ಮಾಸ್ತರರು ಗೆದ್ದರು, ಕೂದಲೆಳೆಯಷ್ಟರಲ್ಲಿ. ಮಾವಿನಕುರ್ವೆಯಿಂದಲೇ ಗೆದ್ದರು ಎಂದು ಹೇಳುವವರು ಮಾವಿನಕುರ್ವೆಯವರು ಮಾತ್ರ.

ಗೆದ್ದ ಮೇಲೆ ಅವರೂ ಎಲ್ಲರಂತೆ ಆದರು. ಸಭೆ, ಸನ್ಮಾನ, ಉದ್ದ ಭಾಷಣ. ಗಣಪಿ ನನ್ನಿಂದ ಕಾರ್ಡು ಬರೆಸತೊಡಗಿದಳು. ಒಕ್ಕಣೆ ಚಿಕ್ಕದು: ‘ಇಳಿತ ಇದೆ. ಬನ್ನಿ.’ ನಾನು ದ್ವೀಪಕ್ಕೆ ಹೋದಾಗಲೆಲ್ಲ ಒಂದು. ಮೊದಮೊದಲು ಮಾಸ್ತರರು ಓದಿ ನಕ್ಕರು. ಆಮೇಲೆ ಬಜಾರಿನಲ್ಲಿ ನನ್ನ ಖಾಕಿ ಕಂಡರೆ ಓಣಿ ಹೊಕ್ಕರು. ಒಂದು ದಿನ ಕ್ಷೌರಕ್ಕೆ ಕೂತಿದ್ದವರ ಕೈಗೆ ಕಾರ್ಡು ಕೊಟ್ಟೆ. ಅರ್ಧ ಗಡ್ಡದಲ್ಲಿ ಎದ್ದು ಓಡುವಂತಿರಲಿಲ್ಲ. “ಟಪಾಲು ಇಲಾಖೆಯೇ ನನ್ನ ವೈರಿಯೇನೋ ತ್ರ್ಯಂಬಕ,” ಅಂದರು. ವಿಳಾಸದವರು ಇದ್ದಲ್ಲಿಗೆ ಮುಟ್ಟಿಸುವುದು ನನ್ನ ಕೆಲಸ ಅಂದೆ. ಅದಾದ ವಾರದಲ್ಲಿ ಅವರು ಬೋರ್ಡಿನಲ್ಲಿ ಧಕ್ಕೆಯ ವಿಷಯ ಎತ್ತಿ, ಎಲ್ಲರೂ ಸುಸ್ತಾಗಿ ಒಪ್ಪುವವರೆಗೂ ಮಾತಾಡಿದರಂತೆ. ಅವರ ಮಾತಿನ ಉದ್ದ ಉಪಯೋಗಕ್ಕೆ ಬಂದದ್ದು ಅಂದು.

ಚಿರೆಕಲ್ಲು ಉಬ್ಬರದಲ್ಲಿ ದೊಡ್ಡ ದೋಣಿಗಳಲ್ಲಿ ಬಂತು. ಕೆಲಸ ನಡೆದದ್ದು ಇಳಿತದಲ್ಲಿ. ಗಂಡಸರು ಕೆಸರು ಬಗೆದರು, ಹೆಂಗಸರು ಕಲ್ಲು ಹೊತ್ತರು. ಸುಣ್ಣ ಸಾಲದೆ ಬಂದಾಗ ವೆಂಕಟ ಸಾಹುಕಾರರು ಒಂದು ದೋಣಿ ಸುಣ್ಣ ಕಳಿಸಿದರು. ಮುಂದಿನ ಚುನಾವಣೆಯಲ್ಲಿ ಈ ಜನ ನಡುವಿನದನ್ನು ಓದಿಸುತ್ತಾರೆಂದು ಅವರಿಗೂ ಅರ್ಥವಾಗಿತ್ತು. ಕೆಸರು ಬಗೆಯುವಾಗ ನರ್ಮದೆಯ ಕಾಲುಂಗುರ ಸಿಗಲಿಲ್ಲ. ನನ್ನದೊಂದು ಚಪ್ಪಲಿ ಸಿಕ್ಕಿತು, ಎಡಗಾಲಿನದು.

ಸೀತೆಯ ಲಗ್ನಪತ್ರಿಕೆ ಕುಮಟೆಯ ಅದೇ ಪ್ರೆಸ್ಸಿನಲ್ಲಿ, ಅದೇ ಅಂಚಿನಲ್ಲಿ ಅಚ್ಚಾಯಿತು. ಕತಗಾಲದಂಥ ದೂರದ ಊರಿನ ನೆಂಟರಿಗೆ ಟಪಾಲಿನಲ್ಲಿ ಹೋಯಿತು. ಹೊನ್ನಾವರದವರಿಗೆ ಗಣಪಿಯೇ ಬಂದಳು. ಮಾಸ್ತರರ ಮನೆಗೆ ಹೋದಳು, ಸೋತವರಲ್ಲವೇ ಎಂದು ಸಾಹುಕಾರರ ಮನೆಗೆ ಅವರಿಗಿಂತ ಮೊದಲೇ ಹೋದಳು. ಸಂಜೆ ನನ್ನ ಬಾಡಿಗೆ ಮನೆಯ ಹೊಸ್ತಿಲ ಮುಂದೆ ಬಂದು ನಿಂತಳು. ನನ್ನ ಹೆಂಡತಿಯ ಹೆಸರು ಮೊದಲು ಹಿಡಿದು, ಕುಂಕುಮ ಕೊಟ್ಟು, ಕರೆದಳು.

“ವಾರ ವಾರ ನಿಮ್ಮಲ್ಲಿಗೆ ಬರುವವನು ನಾನು. ನನ್ನ ಕೈಗೇ ಒಂದು ಪತ್ರಿಕೆ ಕೊಟ್ಟಿದ್ದರೆ ಆಗ್ತಿತ್ತಲ್ಲ,” ಅಂದೆ.

“ಟಪಾಲಿನವಂಗೆ ಟಪಾಲಲ್ಲಿ ಕರೆಯ ಕೊಡ್ತ್ರಾ?” ಅಂದಳು. ನನ್ನ ನೌಕರಿಯಲ್ಲಿ ಸಾವಿರಾರು ಮನೆಗೆ ಲಗ್ನಪತ್ರಿಕೆ ಕೊಟ್ಟಿದ್ದೇನೆ, ನನ್ನ ಹೊಸ್ತಿಲಿಗೆ ಬಂದು ಕರೆದವರು ಕಡಿಮೆ.

ದಿಬ್ಬಣ ಎಷ್ಟು ಹೊತ್ತಿಗೆ ಬರಬೇಕೆಂದು ನರ್ಮದೆಗೆ ಗಣಪಿ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದಳು. ಇಳಿತದ ಹೊತ್ತಿಗೆ. ಉಬ್ಬರದಲ್ಲಿ ಬಂದರೆ ಧಕ್ಕೆ ಇದ್ದದ್ದು ಯಾರಿಗೆ ಕಾಣುತ್ತದೆ?

ಮದುವೆಯ ದಿನ ನಾನೂ ಮಾಸ್ತರರೂ ಹೊಸ ಧಕ್ಕೆಯ ಮೆಟ್ಟಿಲ ಮೇಲೆ ಗಣಪಿಯ ಪಕ್ಕದಲ್ಲೇ ನಿಂತಿದ್ದೆವು. ಮಾಸ್ತರರು ಧಕ್ಕೆಯ ಚರಿತ್ರೆಯನ್ನು ಯಾರಿಗೋ ವಿವರಿಸುತ್ತಿದ್ದರು. ನಾನು ಗಣಪಿಗೆ ಮೆಲ್ಲಗೆ, “ಈಗಾದರೂ ಹೇಳು, ಯಾರಿಗೆ ಹಾಕಿದ್ದೆ?” ಎಂದು ಕೇಳಿದೆ.

“ಸರ್ಕಾರಿ ನೌಕರ್ರು ಅದನ್ನೆಲ್ಲ ಕೇಳ್ಬಾರ್ದು,” ಅಂದಳು. ಇವತ್ತಿಗೂ ನನಗೆ ಗೊತ್ತಿಲ್ಲ.

ಜಟ್ಟನ ದೋಣಿ ಬಂತು. ಸುತ್ತಲೂ ಕಪ್ಪು ಕೆಸರು ಹೊಳೆಯುತ್ತಿತ್ತು. ನರ್ಮದಾ ಹಳೆಯ ಅಭ್ಯಾಸದಿಂದ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದಿದ್ದಳು. ಕಲ್ಲಿನ ಮೇಲೆ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು, ನಿಂತು ಕೆಳಗೆ ನೋಡಿದಳು. ಮೆಲ್ಲಗೆ ಸೀರೆಯನ್ನು ಬಿಟ್ಟಳು; ಅಂಚು ಒಣಕಲ್ಲಿನ ಮೇಲೆ ಬಿತ್ತು. ಊರಿನ ಅಷ್ಟು ಮದುವೆಗಳಲ್ಲಿ ಕಣ್ಣು ಒದ್ದೆ ಮಾಡದ ಗಣಪಿ ಆ ಒಣ ಅಂಚನ್ನು ನೋಡಿ ಅತ್ತಳು. ಮುಖ ಒರೆಸಿಕೊಂಡು, ಮೆಟ್ಟಿಲ ತುದಿಯಲ್ಲಿ ನೆಟ್ಟಗೆ ನಿಂತು, ಕುಂಕುಮದ ಭರಣಿ ಹಿಡಿದು ಹೇಳಿದಳು:

“ನರ್ಮದಕ್ಕ, ಬನ್ನಿ. ಇದು ನಮ್ಮ ಅಂಗಳ.”